ನಮ್ಮ ಅರ್ಜಿಗೆ ನಂಬರ್ ಇದೆ, ಅವರ ಭೇಟಿಗೆ ಇಲ್ಲ

ಪೋಸ್ಟ್ ಸ್ವಲ್ಪ ಉದ್ದ ಇದೆ. ರಾತ್ರಿ ಊಟ ಆದ್ಮೇಲೆ ಓದಿ, ಆದರೆ ಪೂರ್ತಿ ಓದಿ.

ನನ್ನ ಹೊಟ್ಟೆಪಾಡು ಗುಮಾಸ್ತಗಿರಿ ಅಂತ ನಿಮಗೆಲ್ಲ ಗೊತ್ತು. ಯಾವ ಕಛೇರಿ ಅಂತ ಇಲ್ಲಿ ಬೇಡ. ಹದಿನೆಂಟು ವರ್ಷದಿಂದ ಟಪಾಲು ವಹಿ ಬರೆದ ಕೈ ಇದು. ಒಂದು ಕಾಗದ ಬಂದ್ರೆ ಮೊದಲು ಸೀಲು, ತಾರೀಖು, ಇನ್‌ವರ್ಡ್ ನಂಬರ್. ಯಾರಿಂದ, ಯಾವ ವಿಷಯ, ಯಾವ ಮೇಜಿಗೆ ಹೋಯ್ತು, ಎಲ್ಲ ಒಂದು ಸಾಲಿನಲ್ಲಿ ಬರುತ್ತೆ. ಆ ಸಾಲು ಬಿದ್ದ ಮೇಲೆ ಆ ಕಾಗದ ಬಂದೇ ಇಲ್ಲ ಅಂತ ಯಾವ ಸಾಹೇಬರೂ ಹೇಳಂಗಿಲ್ಲ. ಕೆಲಸ ಆಗುತ್ತೋ ಇಲ್ವೋ ಬೇರೆ ಮಾತು. ಕೇಳಿದ್ದಕ್ಕೆ ಸಾಕ್ಷಿ ಉಳಿಯುತ್ತೆ.

ನಮ್ಮ ಕಡೆ ಗಣಿ ಲಾರಿಗಳು ಮತ್ತೆ ಓಡೋಕೆ ಶುರುವಾದ ಮೇಲಿನ ಮಾತು. ಹೊಳಲ್ಕೆರೆ ಕಡೆಯ ಒಂದು ಕಾಲೋನಿಯವರು ಧೂಳಿನ ಬಗ್ಗೆ ಮನವಿ ಬರೆಸಿಕೊಂಡು ಬೆಂಗಳೂರಿಗೆ ಹೊರಟ್ರು. ಬರೆದುಕೊಟ್ಟವನು ನಾನು, ಹಾಗಾಗಿ ನಾನೂ ಹೋದೆ. ಒಂದು ದೊಡ್ಡ ಕಛೇರಿಯ ಗೇಟಿನಲ್ಲಿ ಪುಸ್ತಕ ಇಟ್ಟಿದ್ರು. ಹೆಸರು, ಊರು, ಫೋನ್ ನಂಬರ್, ಯಾರನ್ನು ನೋಡಬೇಕು, ಒಳಗೆ ಹೋದ ಟೈಮು, ಹೊರಗೆ ಬಂದ ಟೈಮು. ಒಂಬತ್ತು ಜನರದ್ದೂ ಬರೆಸಿದ್ರು. ನಮ್ಮ ಜೊತೆ ಬಂದಿದ್ದ ಅಜ್ಜಿಯ ಹೆಬ್ಬೆಟ್ಟೂ ಒತ್ತಿಸಿಕೊಂಡ್ರು. ಅಷ್ಟರಲ್ಲಿ ಕಪ್ಪು ಗಾಜಿನ ಕಾರೊಂದು ಬಂತು. ಗೇಟು ತೆಗೀತು, ಕಾವಲಿನವನು ಸಲ್ಯೂಟ್ ಹೊಡೆದ, ಕಾರು ಒಳಗೆ ಹೋಯ್ತು. ಅಜ್ಜಿ ಕೇಳಿದಳು:

"ಅವ್ರ ಹೆಸ್ರು ಬರ್ಕಳಲ್ವೇನಪ್ಪಾ?"

"ಅವ್ರು ದೊಡ್ಡೋರು ಕಣಮ್ಮ. ಅವ್ರುದ್ದು ಬರೆಯಂಗಿಲ್ಲ."

ಲಾಬಿ ಬಗ್ಗೆ ಆಮೇಲೆ ನಾನು ಎಷ್ಟೋ ಓದಿದೀನಿ. ವಿಷಯದ ತಿರುಳು ಮಾತ್ರ ಆ ಅಜ್ಜಿಯ ಪ್ರಶ್ನೆಯಲ್ಲೇ ಇತ್ತು.

ಲಾಬಿ ಅಂದ್ರೆ ಲಂಚ ಅಂತ ನಮ್ಮಲ್ಲಿ ಬಹಳ ಜನ ತಿಳ್ಕೊಂಡಿದಾರೆ. ಅಲ್ಲ. ಲಂಚಕ್ಕೆ ಕಾನೂನು ಇದೆ, ಕೇಸು ಇದೆ, ಜೈಲೂ ಇದೆ. ಒಂದು ಕಾಯ್ದೆ ಬರಲಿ ಅಂತಲೋ ಬರದೇ ಇರಲಿ ಅಂತಲೋ, ಒಂದು ಆದೇಶದ ಒಂದು ಸಾಲು ಬದಲಾಗಲಿ ಅಂತಲೋ ಮಂತ್ರಿಯನ್ನೋ ಕಾರ್ಯದರ್ಶಿಯನ್ನೋ ಕಂಡು ಒಪ್ಪಿಸೋ ಕೆಲಸಕ್ಕೆ ಲಾಬಿ ಅಂತಾರೆ. ಆ ಕೆಲಸ ನಾವೂ ಮಾಡ್ತೀವಿ. ನಾವು ಮಾಡಿದ್ರೆ ಅದಕ್ಕೆ ಧರಣಿ, ಮನವಿ, ಒತ್ತಾಯ ಅಂತ ಹೆಸರು. ಅವರು ಮಾಡಿದ್ರೆ "ಉದ್ಯಮಿಗಳ ಜೊತೆ ಸಮಾಲೋಚನೆ". ಕೇಳೋದು ತಪ್ಪಲ್ಲ. ನಮ್ಮದು ಬಿಸಿಲಲ್ಲಿ ನಡೆಯುತ್ತೆ, ಪೊಲೀಸರ ಪರ್ಮಿಷನ್ ತಗೊಂಡು, ಹೆಸರು ವಿಳಾಸ ಬರೆಸಿ. ಅವರದ್ದು ಎಲ್ಲಿ ನಡೀತು ಅಂತ ನಮಗೆ ಗೊತ್ತಾಗೋದು ಸರ್ಕಾರಿ ಆದೇಶ ಹೊರಬಿದ್ದ ಮೇಲೆ. ಅದಕ್ಕೇ ಕೆಲವು ದೇಶಗಳಲ್ಲಿ ಲಾಬಿ ಮಾಡೋರ ಸಾರ್ವಜನಿಕ ರಿಜಿಸ್ಟರ್ ಇಟ್ಟಿದಾರೆ. ಯಾರು, ಯಾರನ್ನು, ಯಾವತ್ತು, ಯಾವ ವಿಷಯಕ್ಕೆ ಕಂಡರು, ಯಾರ ಪರವಾಗಿ ಕಂಡರು. ಯಾರು ಬೇಕಾದ್ರೂ ತೆಗೆದು ನೋಡಬಹುದು. ನಮ್ಮ ದೇಶದಲ್ಲಿ ಅಂಥಾದ್ದು ಇಲ್ಲ.

ಇನ್ನು ಸ್ವಲ್ಪ ಹಿಂದಕ್ಕೆ ಹೋಗೋಣ.

ನಮ್ಮ ಚಿತ್ರದುರ್ಗ ಹಳೇ ಮೈಸೂರು ಸಂಸ್ಥಾನದ ಜಿಲ್ಲೆ. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದ್ರು. ದಸರಾ ಟೈಮಲ್ಲಿ ಸೇರೋದು. ಮೊದಲ ಸಭೆಗೆ ಬಂದಿದ್ದು 144 ಜನ. ಜಮೀನ್ದಾರರು, ವ್ಯಾಪಾರಸ್ಥರು. ನಮ್ಮ ಕೇರಿಯ ದನಿಗೆ ಅಲ್ಲಿ ಜಾಗ ಎಲ್ಲಿಂದ ಬರಬೇಕು? ಆದ್ರೂ ಒಂದು ಒಳ್ಳೇ ರೂಢಿ ಇತ್ತು. ಯಾವ ತಾಲ್ಲೂಕಿನವರು ಏನು ಕೇಳಿದ್ರು, ದಿವಾನರು ಏನು ಹೇಳಿದ್ರು ಅನ್ನೋದು ನಡಾವಳಿಯಾಗಿ ಅಚ್ಚಾಗ್ತಿತ್ತು. ಉಳ್ಳವರ ಸಭೆಯೇ ಆದ್ರೂ ಕೇಳಿದವನ ಹೆಸರು ಕಾಗದದ ಮೇಲೆ ಉಳೀತಿತ್ತು.

1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಬೇಕು ಅಂತ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್‌ಗೆ ಮನವಿಪತ್ರ ಕೊಟ್ರು. ಅದೇ ವರ್ಷ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಸಮಿತಿ ಆಯ್ತು. 1919ರಲ್ಲಿ ವರದಿ, 1921ರಲ್ಲಿ ಆದೇಶ. ದಿವಾನ್ ವಿಶ್ವೇಶ್ವರಯ್ಯ ಇದನ್ನ ಒಪ್ಪದೆ ಹುದ್ದೆ ಬಿಟ್ರು. ಕರ್ನಾಟಕದ ಮೀಸಲಾತಿಯ ಬೇರು ಇಲ್ಲಿದೆ ಅಂತ ಭಾಷಣದಲ್ಲೆಲ್ಲ ಹೇಳ್ತೀವಲ್ಲ, ಅದೂ ಲಾಬಿಯೇ. ಆದ್ರೆ ಕೇಳಿದವರ ಹೆಸರಿದೆ, ಕೇಳಿದ್ದೇನು ಅಂತ ಇದೆ, ವಿರೋಧಿಸಿದವರ ಹೆಸರೂ ಇದೆ. ಹಾಗಿದ್ದರಿಂದಲೇ ನೂರು ವರ್ಷ ಆದ್ಮೇಲೂ ನಾವು ಕೂತು ಅದನ್ನ ತೂಗಿ ನೋಡ್ತಾ ಇದೀವಿ.

ಬಾಬಾಸಾಹೇಬರನ್ನೇ ತಗೊಳ್ಳಿ. 1919ರ ಜನವರಿ 27ರಂದು ಮತದಾನದ ಹಕ್ಕು ಯಾರಿಗೆ ಅಂತ ವಿಚಾರಿಸ್ತಿದ್ದ ಸೌತ್‌ಬರೋ ಸಮಿತಿ ಎದುರು ಸಾಕ್ಷಿ ಹೇಳಿದಾಗ ಅವರಿಗೆ 27 ವರ್ಷ. 1928ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾದ ಪರವಾಗಿ ಸೈಮನ್ ಆಯೋಗಕ್ಕೆ ಲಿಖಿತ ಹೇಳಿಕೆ ಕೊಟ್ರು, ಅಕ್ಟೋಬರ್‌ನಲ್ಲಿ ಪುಣೆಯಲ್ಲಿ ಆಯೋಗದ ಮುಂದೆ ಕೂತು ಪ್ರಶ್ನೆಗಳಿಗೆ ಉತ್ತರ ಕೊಟ್ರು. ಕಾಂಗ್ರೆಸ್ಸಿನವರು ಬಹಿಷ್ಕಾರ ಹಾಕಿದ್ದ ಆಯೋಗ ಅದು, ಹಾಗಾಗಿ ಬಾಯಿಗೆ ಬಂದಂಗೆ ಅನ್ನಿಸಿಕೊಂಡರು ಕೂಡ. ಅವರಿಗೆ ಹಿಂಬಾಗಿಲಿರಲಿಲ್ಲ, ಸರಿ. ಇದ್ದಿದ್ರೂ ಹೋಗ್ತಿದ್ರು ಅಂತ ನನಗನ್ನಿಸಲ್ಲ. ಆ ಪ್ರಶ್ನೋತ್ತರ ಪೂರ್ತಿ ಅಚ್ಚಾಗಿದೆ, ಸಂಪುಟಗಳಲ್ಲಿದೆ, ಇವತ್ತೂ ಕಾಲೇಜು ಹುಡುಗರು ಓದ್ತಾರೆ. ಒಂದು ಸಮುದಾಯದ ಪರವಾಗಿ ಸರ್ಕಾರದ ಹತ್ರ ಏನು ಕೇಳಿದೆ ಅನ್ನೋದನ್ನ ಮುಚ್ಚಿಡೋ ಕೆಲಸ ಅವರು ಮಾಡಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೂ ನಮ್ಮವರ ಬದುಕು ಅರ್ಜಿಯ ಬದುಕೇ. ದೇವರಾಜ ಅರಸು ಕಾಲದಲ್ಲಿ, 1974ರ ಭೂಸುಧಾರಣೆ ಬಂದಾಗ, ಉಳುವವನು ಫಾರಂ 7 ತುಂಬಿ ಭೂ ನ್ಯಾಯಮಂಡಳಿಗೆ ಹಾಕಬೇಕಿತ್ತು. ಹಾಕದೇ ಇದ್ದವನಿಗೆ, ಹೊಲ ಉತ್ತಿದ್ದು ಇಡೀ ಊರಿಗೆ ಗೊತ್ತಿದ್ರೂ, ಜಮೀನು ಇಲ್ಲ. ನಮ್ಮಜ್ಜನಂಥ ಎಷ್ಟೋ ಜನ ಗೌಡರ ಮುಖ ನೋಡಿ ಫಾರಂ ಹಾಕಲಿಲ್ಲ, ಅದು ಬೇರೆ ಕಥೆ, ಇನ್ನೊಂದು ದಿನ ಬರೀತೀನಿ. 2012ರಿಂದ ಸಕಾಲ ಬಂತು. ಈಗ ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ರೂ ಹದಿನೈದು ಅಂಕಿಯ ನಂಬರ್ ಬರುತ್ತೆ. ಅರ್ಜಿ ಎಲ್ಲಿದೆ, ಯಾರ ಹತ್ರ ಎಷ್ಟು ದಿನದಿಂದ ಇದೆ ಅಂತ ಮೊಬೈಲಲ್ಲೇ ನೋಡಬಹುದು. ಒಳ್ಳೇ ಕಾನೂನು. ಇನ್‌ವರ್ಡ್ ಗುಮಾಸ್ತನಾಗಿ ಹೇಳ್ತೀನಿ, ಒಳ್ಳೇ ಕಾನೂನು. ಬಡವನ ಕಾಗದಕ್ಕೆ ಈ ರಾಜ್ಯದಲ್ಲಿ ಅಷ್ಟು ಲೆಕ್ಕ ಇಡೋ ವ್ಯವಸ್ಥೆ ಇದೆ. ಈಗ ಇನ್ನೊಂದು ಕಡೆ ನೋಡೋಣ.

2003ರ ಮಾರ್ಚ್. ರಾಜ್ಯ ಸರ್ಕಾರ ಒಂದು ಅಧಿಸೂಚನೆ ಹೊರಡಿಸ್ತು. ಸಾರ್ವಜನಿಕ ವಲಯದ ಗಣಿಗಾರಿಕೆಗೆ ಅಂತ ಮೀಸಲಿಟ್ಟಿದ್ದ 11,620 ಚದರ ಕಿಲೋಮೀಟರ್ ಪ್ರದೇಶದ ಮೀಸಲು ತೆಗೆದು ಖಾಸಗಿಯವರಿಗೆ ತೆರೆದ್ರು. ನಮ್ಮ ಮೀಸಲಾತಿಯಲ್ಲಿ ಒಂದು ಪರ್ಸೆಂಟ್ ಹೆಚ್ಚು ಕಮ್ಮಿ ಆದ್ರೆ ಚಹಾದಂಗಡಿಯಿಂದ ಟೀವಿ ತನಕ ತಿಂಗಳುಗಟ್ಟಲೆ ಚರ್ಚೆ ಆಗುತ್ತೆ. ಈ ಮೀಸಲು ತೆಗೆದಾಗ ನಮ್ಮ ಹೊಸದುರ್ಗ ಬಸ್‌ಸ್ಟ್ಯಾಂಡಿನಲ್ಲಿ ಯಾರಾದ್ರೂ ಒಬ್ಬರು ಮಾತಾಡಿದ್ದು ನೆನಪಿದೆಯಾ? ಅದೇ ಹೊತ್ತಿಗೆ ಚೀನಾ ದೇಶ ಅದಿರಿಗೆ ಬಾಯಿ ತೆರೆದು ಕೂತಿತ್ತು, ರೇಟು ಏರ್ತಾ ಹೋಯ್ತು. ಆಮೇಲಿನದ್ದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ರಸ್ತೆಗಳಲ್ಲಿ ಲಾರಿ ಹಿಂದೆ ಲಾರಿ. ತೆಂಗಿನ ಗರಿ ಕೆಂಪು, ಒಣಗಹಾಕಿದ ಬಟ್ಟೆ ಕೆಂಪು, ಶಾಲೆ ಮಕ್ಕಳ ಬುತ್ತಿಯೂ ಕೆಂಪು.

ಗುತ್ತಿಗೆಗೆ ಅರ್ಜಿ ಹಾಕಿದವರ ಪಟ್ಟಿ ಇಲಾಖೆಯಲ್ಲಿ ಇರುತ್ತೆ. ಅದರ ಹಿಂದಿನ ಹೆಜ್ಜೆ ನೋಡಿ. "ಈ ಮೀಸಲು ತೆಗೀರಿ" ಅಂತ ಸರ್ಕಾರದ ಹತ್ರ ಯಾರ್ಯಾರು ಬಂದು ಕೂತಿದ್ರು, ಎಷ್ಟು ಸಲ ಬಂದ್ರು? ಅದಕ್ಕೆ ಜನ ತೆಗೆದು ನೋಡೋ ಪುಸ್ತಕ ಇರಲಿಲ್ಲ. 2007ರಲ್ಲಿ ಸರ್ಕಾರವೇ ಲೋಕಾಯುಕ್ತಕ್ಕೆ ತನಿಖೆ ವಹಿಸ್ತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2008ರ ಡಿಸೆಂಬರ್‌ನಲ್ಲಿ ಮೊದಲ ವರದಿ ಕೊಟ್ರು, 2011ರ ಜುಲೈ 27ಕ್ಕೆ ಎರಡನೇದು. ಎರಡನೇ ವರದಿಯಲ್ಲಿ ಬೊಕ್ಕಸಕ್ಕಾದ ನಷ್ಟ 16,085 ಕೋಟಿ ರೂಪಾಯಿ ಅಂತ ಲೆಕ್ಕ ಹಾಕಿದ್ರು. ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಪರ್ಮಿಟ್ಟು, ತೂಕದ ಚೀಟಿ, ಬಂದರಿನ ಲೆಕ್ಕ, ಬ್ಯಾಂಕ್ ಖಾತೆ ಎಲ್ಲ ಕೂಡಿಸಿ ಎಷ್ಟು ಒದ್ದಾಡಿತು ಅಂತ ಆ ವರದಿ ಓದಿದವರಿಗೆ ಗೊತ್ತಾಗುತ್ತೆ. ಅದಿರು ಹೋದ ಮೇಲೆ ಅದರ ಹೆಜ್ಜೆ ಹುಡುಕೋ ಕೆಲಸ ಅದು. ನೀತಿ ಬದಲಾಗೋ ದಿನವೇ ಜನಕ್ಕೆ ಗೊತ್ತಾಗಿದ್ರೆ ಎಂಟು ವರ್ಷ ಕಾಯಬೇಕಿತ್ತಾ?

2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟು ನಮ್ಮ ಜಿಲ್ಲೆಯಲ್ಲೂ ತುಮಕೂರಿನಲ್ಲೂ ಗಣಿಗಾರಿಕೆ ನಿಲ್ಲಿಸ್ತು. ಬಳ್ಳಾರಿಯದ್ದು ಒಂದು ತಿಂಗಳ ಮುಂಚೆಯೇ ನಿಂತಿತ್ತು. ಕೋರ್ಟಿಗೆ ಹೋಗಿದ್ದು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ. 2013ರ ಏಪ್ರಿಲ್‌ನಲ್ಲಿ ಗಣಿಗಳನ್ನ ಎ, ಬಿ, ಸಿ ಅಂತ ವಿಂಗಡಿಸಿ ಸಿ ವರ್ಗದವನ್ನ ರದ್ದು ಮಾಡಿದ್ರು, ವರ್ಷಕ್ಕೆ ಇಷ್ಟೇ ಅದಿರು ತೆಗೀಬೇಕು ಅಂತ ಮಿತಿ ಹಾಕಿದ್ರು. ಆ ಮಿತಿ ಹೆಚ್ಚಿಸಿ ಅಂತ ಗಣಿಯವರು ಕೇಳ್ತಾನೇ ಬಂದ್ರು. 2022ರ ಆಗಸ್ಟ್‌ನಲ್ಲಿ ಬಳ್ಳಾರಿಗೆ 2.8 ಕೋಟಿ ಟನ್‌ನಿಂದ 3.5 ಕೋಟಿಗೆ, ಚಿತ್ರದುರ್ಗ-ತುಮಕೂರು ಎರಡೂ ಸೇರಿ 70 ಲಕ್ಷ ಟನ್‌ನಿಂದ 1.5 ಕೋಟಿಗೆ ಏರಿಸಿದ್ರು. ನಮ್ಮ ಕಡೆಗೆ ಎರಡು ಪಟ್ಟಿಗಿಂತ ಜಾಸ್ತಿ ಆಯ್ತು. ನನಗೆ ಆ ತೀರ್ಮಾನ ಇಷ್ಟ ಆಗಲಿಲ್ಲ. ಆದ್ರೆ ಒಂದು ವ್ಯತ್ಯಾಸ ಗಮನಿಸಿ. ಕೋರ್ಟಿನಲ್ಲಿ ಹೆಚ್ಚಿಸಿ ಅಂತ ಕೇಳಿದ್ದು ಯಾರು, ಬೇಡ ಅಂದಿದ್ದು ಯಾರು, ರಾಜ್ಯ ಸರ್ಕಾರ ಯಾವ ಕಡೆ ನಿಂತಿತ್ತು, ಯಾವ ಕಾರಣ ಕೊಟ್ಟು ಏರಿಸಿದ್ರು, ಎಲ್ಲ ದಾಖಲೆಯಲ್ಲಿ ಇದೆ. ವಿರೋಧಿಸೋಕೆ ಒಂದು ಹಿಡಿ ಸಿಗುತ್ತೆ. 2003ರಲ್ಲಿ ಅದೇ ಇರಲಿಲ್ಲ.

ಹೊರದೇಶದ ಮಾತಿಗೆ ಬರ್ತೀನಿ, ಯಾಕಂದ್ರೆ ನಮ್ಮ ದೇಶದ ಮೇಲೆ ನಡೆದ ಲಾಬಿ ನಮಗೆ ಗೊತ್ತಾಗಿದ್ದೇ ಅಲ್ಲಿಂದ. ಅಮೆರಿಕದಲ್ಲಿ 1995ರ ಕಾಯ್ದೆ ಪ್ರಕಾರ ಲಾಬಿಗೆ ಎಷ್ಟು ಖರ್ಚು ಮಾಡಿದ್ವಿ, ಯಾವ ವಿಷಯಕ್ಕೆ ಅಂತ ಕಂಪನಿಗಳು ಲೆಕ್ಕ ಕೊಡಬೇಕು. 2012ರ ಕೊನೆಗೆ ವಾಲ್‌ಮಾರ್ಟ್ ಕೊಟ್ಟಿದ್ದ ಲೆಕ್ಕ ಸುದ್ದಿಯಾಯ್ತು. 2008ರಿಂದ ಸುಮಾರು 2.5 ಕೋಟಿ ಡಾಲರ್ ಖರ್ಚಾಗಿತ್ತು, ಬೇರೆ ವಿಷಯಗಳ ಜೊತೆಗೆ ಭಾರತದ ಮಾರುಕಟ್ಟೆ ಪ್ರವೇಶದ ವಿಷಯವೂ ಅದರಲ್ಲಿ ಇತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಚಿಲ್ಲರೆ ವ್ಯಾಪಾರಕ್ಕೆ ವಿದೇಶಿ ಬಂಡವಾಳ ಬಿಡೋ ತೀರ್ಮಾನ ಆಗಿತ್ತು. ಸಂಸತ್ತಿನಲ್ಲಿ ಗಲಾಟೆಯೋ ಗಲಾಟೆ. ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರ ಏಕಸದಸ್ಯ ಸಮಿತಿ ಮಾಡಿದ್ರು, ಗಟ್ಟಿಯಾದ ಉತ್ತರ ಏನೂ ಬರಲಿಲ್ಲ. ಬರೋದಾದ್ರೂ ಹೇಗೆ? ಅಮೆರಿಕದ ಖರ್ಚು ಅಮೆರಿಕದ ಪುಸ್ತಕದಲ್ಲಿದೆ. ಡೆಲ್ಲಿಯಲ್ಲಿ ಯಾರನ್ನಾದ್ರೂ ಕಂಡಿದ್ರೆ ಅದನ್ನ ಬರೆಯೋ ಪುಸ್ತಕವೇ ಇಲ್ಲ. ಅದಕ್ಕೂ ಎರಡು ವರ್ಷ ಮುಂಚೆ, 2010ರಲ್ಲಿ, ನೀರಾ ರಾಡಿಯಾ ಟೇಪುಗಳು ಹೊರಗೆ ಬಂದಿದ್ದು ಆದಾಯ ತೆರಿಗೆಯವರು ಫೋನ್ ಕದ್ದು ಕೇಳಿದ್ದರಿಂದ. ಫೋನ್ ಕದ್ದು ಕೇಳಬೇಕು, ಇಲ್ಲಾ ಪರದೇಶದ ರಿಜಿಸ್ಟರ್ ತೆರೀಬೇಕು. ನಮ್ಮ ಸರ್ಕಾರ ಹೇಗೆ ತೀರ್ಮಾನ ಮಾಡುತ್ತೆ ಅಂತ ತಿಳ್ಕೊಳ್ಳೋಕೆ ನಮಗೆ ಇದ್ದ ದಾರಿ ಇಷ್ಟೇ.

2013ರಲ್ಲಿ ಒಡಿಶಾದ ಸಂಸದ ಕಾಳಿಕೇಶ್ ಸಿಂಗ್ ದೇವ್ ಲಾಬಿ ಚಟುವಟಿಕೆ ಬಹಿರಂಗಪಡಿಸೋ ಖಾಸಗಿ ಮಸೂದೆ ತಂದಿದ್ರು. ಖಾಸಗಿ ಸದಸ್ಯರ ಮಸೂದೆ ಒಂದು ಪಾಸಾಗಿ ಕಾಯ್ದೆ ಆಗಿದ್ದು ಈ ದೇಶದಲ್ಲಿ 1970ರಲ್ಲೇ ಕೊನೆ. ಇದರ ಗತಿಯೂ ಅಷ್ಟೇ ಆಯ್ತು.

ನಮ್ಮ ರಾಜ್ಯಕ್ಕೆ ವಾಪಸ್ ಬರೋಣ, ಹತ್ತಿರದ ವರ್ಷಗಳಿಗೆ. 2020ರ ಜುಲೈ, ಕೊರೊನಾ ಕಾಲ. ಹತ್ತು ಜನ ಒಂದು ಕಡೆ ಸೇರಂಗಿಲ್ಲ. ಆಗ ಸುಗ್ರೀವಾಜ್ಞೆ ಹೊರಡಿಸಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದುಹಾಕಿದ್ರು. ಕೃಷಿಕನಲ್ಲದವನು, ಇಂತಿಷ್ಟಕ್ಕಿಂತ ಹೆಚ್ಚು ವರಮಾನ ಇರೋನು ಕೃಷಿ ಭೂಮಿ ಕೊಳ್ಳಂಗಿಲ್ಲ ಅಂತ ಇದ್ದ ತಡೆ ಹೋಯ್ತು. ಅದೇ ಡಿಸೆಂಬರ್‌ನಲ್ಲಿ ಮಸೂದೆಯೂ ಪಾಸಾಯ್ತು. ಬೇಡ ಅಂತ ರೈತ ಸಂಘ, ದಲಿತ ಸಂಘಟನೆಗಳು ರಸ್ತೆಗಿಳಿದಿದ್ದು ಎಲ್ಲರಿಗೂ ಗೊತ್ತು, ನಮ್ಮಲ್ಲಿ ಕೆಲವರ ಮೇಲೆ ಕೇಸೂ ಬಿತ್ತು. ಬೇಕು ಅಂತ ಕೇಳಿದವರು ಯಾರು? ರೈತರ ಅನುಕೂಲಕ್ಕೆ ಅಂದ್ರು. ಯಾವ ಊರಿನ ಯಾವ ರೈತ ಅರ್ಜಿ ಕೊಟ್ಟಿದ್ದ? ನಂಬರ್ ಎಷ್ಟು?

ಇದರ ಪಕ್ಕದಲ್ಲಿ ಪಿಟಿಸಿಎಲ್ ಇಟ್ಟು ನೋಡಿ. ನಮ್ಮವರಿಗೆ ಮಂಜೂರಾದ ಜಮೀನು ಪರಭಾರೆ ಆಗಬಾರದು ಅಂತ 1978ರಲ್ಲಿ ಬಂದ ಕಾಯ್ದೆ. ತಡವಾಗಿ ಬಂದ್ರಿ ಅನ್ನೋ ಕಾರಣಕ್ಕೆ ಅರ್ಜಿ ವಜಾ ಆಗೋ ಹಾಗೆ 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಕಾಲಮಿತಿ ಇಲ್ಲ ಅಂತ ಒಂದು ಸಾಲು ಸೇರಿಸಿ ಅನ್ನೋದಷ್ಟೇ ನಮ್ಮ ಬೇಡಿಕೆ. ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತ್ರು. ಮಳೆ, ಚಳಿ, ಪೊಲೀಸರ ನೋಟೀಸು. ತಿದ್ದುಪಡಿ ಬಂದಿದ್ದು 2023ರಲ್ಲಿ. ಎರಡು ಕಲಂ ತೆಗೆಯೋಕೆ ಒಂದು ಸುಗ್ರೀವಾಜ್ಞೆ ಸಾಕಾಯ್ತು, ಒಂದು ಸಾಲು ಸೇರಿಸೋಕೆ ಆರು ವರ್ಷ ಬೇಕಾಯ್ತು.

ಎಸ್‌ಸಿಎಸ್‌ಪಿ ಕಾಯ್ದೆಯ 7ಡಿ ಕಥೆಯೂ ಹಾಗೇ. 2013ರಲ್ಲಿ ಇಷ್ಟು ಹೋರಾಡಿ ಪಡೆದ ಕಾಯ್ದೆಯೊಳಗೆ, ರಸ್ತೆ ಸೇತುವೆಗೆ ಹಾಕಿದ ದುಡ್ಡನ್ನೂ ನಮ್ಮ ಲೆಕ್ಕಕ್ಕೆ ಬರೆಯೋ ಕಿಂಡಿ ಬಂದು ಕೂತಿತ್ತು. ಹತ್ತು ವರ್ಷ ಕೂಗಾಡಿ 2023ರಲ್ಲಿ ತೆಗೆಸಿದ್ವಿ. ಆ ಕಿಂಡಿ ಕೊರೆಯಿರಿ ಅಂತ ಹೇಳಿದ್ದು ಯಾವ ಇಲಾಖೆ, ಯಾವ ಮಹಾನುಭಾವ? ನನಗೆ ಇವತ್ತಿಗೂ ಕುತೂಹಲ.

2023ರ ಫೆಬ್ರವರಿಯಲ್ಲಿ ಕಾರ್ಖಾನೆ ಕಾಯ್ದೆ ತಿದ್ದಿ ದಿನಕ್ಕೆ 12 ಗಂಟೆ ದುಡಿಸೋಕೆ ಅವಕಾಶ ಕೊಟ್ರು. ಇದರ ಹಿಂದೆ ಆಪಲ್, ಫಾಕ್ಸ್‌ಕಾನ್ ಕಂಪನಿಗಳ ಲಾಬಿ ಇತ್ತು ಅಂತ ಮಾರ್ಚ್‌ನಲ್ಲಿ ಬರೆದಿದ್ದು ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ. ನೋಡಿ, ಮತ್ತೆ ಪರದೇಶದವರೇ ಹೇಳಬೇಕಾಯ್ತು. ಬೆಂಗಳೂರಿನ ಪೀಣ್ಯದಲ್ಲಿ, ಗಾರ್ಮೆಂಟ್ಸಿನಲ್ಲಿ ನಮ್ಮ ಹಿರಿಯೂರು, ಹೊಸದುರ್ಗದ ಎಷ್ಟು ಹೆಣ್ಣುಮಕ್ಕಳಿದಾರೆ. ಅವರ ದಿನದ ಗಂಟೆ ಬದಲಾಗುತ್ತೆ, ಅವರನ್ನ ಕರೆದು ಕೇಳಿದವರು ಯಾರೂ ಇಲ್ಲ.

2024ರ ಜುಲೈ 15, ಸೋಮವಾರ. ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಆಡಳಿತದ ಹುದ್ದೆ 50, ಉಳಿದ ಹುದ್ದೆ 70 ಪರ್ಸೆಂಟ್ ಕೊಡೋ ಮಸೂದೆಗೆ ಸಂಪುಟ ಒಪ್ಪಿಗೆ ಕೊಡ್ತು. 17ನೇ ತಾರೀಖು, ಬುಧವಾರ, ತಡೆಹಿಡೀತು. ಆ ಮಸೂದೆ ಸರಿಯೋ ತಪ್ಪೋ ಇಲ್ಲಿ ಬೇಡ, ನನಗೂ ಅದರಲ್ಲಿ ತಕರಾರುಗಳಿದ್ವು. ನ್ಯಾಸ್ಕಾಂ ಹೇಳಿಕೆ ಕೊಡ್ತು, ದೊಡ್ಡ ಉದ್ಯಮಿಗಳು ಟ್ವೀಟ್ ಮಾಡಿದ್ರು, ಅಷ್ಟು ನಾವೆಲ್ಲ ನೋಡಿದ್ವಿ. ಎದುರಿಗೆ ಬಂದು ಹೇಳಿದ್ರು, ಅದಕ್ಕೆ ನನ್ನ ಆಕ್ಷೇಪ ಇಲ್ಲ. ನಾವು ನೋಡದೇ ಇರೋ ಫೋನು, ಭೇಟಿ ಆ ಎರಡು ದಿನದಲ್ಲಿ ಎಷ್ಟು ನಡೆದಿರಬಹುದು?

ಎರಡೇ ದಿನ. ನಮ್ಮ ಒಳಮೀಸಲಾತಿ ಲೆಕ್ಕ ಹಾಕಿ. 2005ರಲ್ಲಿ ನ್ಯಾಯಮೂರ್ತಿ ಸದಾಶಿವ ಆಯೋಗ. 2012ರಲ್ಲಿ ವರದಿ. ಆಮೇಲೆ ಎಷ್ಟು ಪಾದಯಾತ್ರೆ, ಎಷ್ಟು ತಮಟೆ ಚಳುವಳಿ, ಚಿತ್ರದುರ್ಗದಿಂದ ಎಷ್ಟು ಬಸ್ಸು ಹೊರಟ್ವು, ವರದಿ ಮಾತ್ರ ಕಪಾಟಿನಲ್ಲೇ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ಜನರ ಪೀಠ ಒಳವರ್ಗೀಕರಣ ಮಾಡಬಹುದು ಅಂತು. ನಾಗಮೋಹನ ದಾಸ್ ಆಯೋಗ ಮನೆಮನೆ ಸಮೀಕ್ಷೆ ಮಾಡಿ 2025ರ ಆಗಸ್ಟ್ 4ಕ್ಕೆ ವರದಿ ಕೊಡ್ತು. 19ಕ್ಕೆ ಸಂಪುಟ 6, 6, 5 ಅಂತ ತೀರ್ಮಾನಿಸ್ತು. ಇಪ್ಪತ್ತು ವರ್ಷ. ಎಡ-ಬಲದ ಜಗಳ, ಅಲೆಮಾರಿಗಳ ನೋವು ಎಲ್ಲ ನನಗೆ ಗೊತ್ತು, ಕಾಮೆಂಟಿನಲ್ಲಿ ದಯವಿಟ್ಟು ಅದನ್ನ ಎಳೆದು ತರಬೇಡಿ. ನಾನು ಕೇಳ್ತಿರೋದು ಒಂದೇ. ಆ ಆಯೋಗದ ವರದಿ ಮಂಡಿಸಬೇಡಿ ಅಂತ ಎಲ್ಲಾ ಪಕ್ಷದ ಸರ್ಕಾರಗಳಿಗೂ ಹೇಳ್ತಾ ಬಂದವರು ಯಾರು? ನಮ್ಮೊಳಗಿನವರೇ ಇರಬಹುದು, ಹೊರಗಿನವರೂ ಇರಬಹುದು. ಪುಸ್ತಕ ಇದ್ದಿದ್ರೆ ಊಹೆ ಮಾಡಿಕೊಂಡು ಒಬ್ಬರ ಮುಖ ಒಬ್ಬರು ಅನುಮಾನದಿಂದ ನೋಡೋದಾದ್ರೂ ತಪ್ಪುತ್ತಿತ್ತು.

ಈ ಮಾತು ಹೋದ ತಿಂಗಳು ಹಿರಿಯೂರಿನಲ್ಲಿ ಕೆಲವು ಸಂಗಾತಿಗಳ ಜೊತೆ ಆಡಿದಾಗ ಒಬ್ಬ ಹಿರಿಯ ಅಣ್ಣ ಒಂದು ಹೆದರಿಕೆ ಹೇಳಿದ್ರು. "ತಮ್ಮಾ, ಇದು ನಮ್ಮ ಕುತ್ತಿಗೆಗೇ ಬರುತ್ತೆ ನೋಡು. ನಾಳೆ ಸ್ಮಶಾನದ ಜಾಗ ಕೇಳೋಕೆ ಹೋದ್ರೆ, ನೀನು ಲಾಬಿದಾರ, ರಿಜಿಸ್ಟರ್ ಮಾಡಿಸಿದೀಯಾ ಅಂತಾರೆ." ಅವರ ಮಾತಲ್ಲಿ ಹುರುಳಿದೆ. ಸಂಘದ ವಾರ್ಷಿಕ ಲೆಕ್ಕ, ರಿನ್ಯೂವಲ್ ಅಂತ ನಾವು ಈಗಲೇ ಸೋತು ಸುಣ್ಣ ಆಗಿದೀವಿ. ಕಾಗದದ ಕೆಲಸ ಹೆಚ್ಚಾದಷ್ಟೂ ವಕೀಲರು, ಆಡಿಟರ್ ಇಟ್ಟುಕೊಂಡವನೇ ಗೆಲ್ಲೋದು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಣ್ಣನಿಗೆ ಉತ್ತರ ಹುಡುಕ್ತಾ ಕೂತೆ.

ಉತ್ತರ ಸಿಕ್ಕಿದ್ದು ಚಿಲಿ ದೇಶದಲ್ಲಿ. 2014ರಲ್ಲಿ ಅವರು ಮಾಡಿದ ಕಾಯ್ದೆಯಲ್ಲಿ ಬರೆಯೋ ಜವಾಬ್ದಾರಿ ಅಧಿಕಾರದಲ್ಲಿ ಕೂತವನ ಮೇಲಿದೆ. ಮಂತ್ರಿ, ದೊಡ್ಡ ಅಧಿಕಾರಿ, ಮೇಯರ್ ತಾನು ಯಾರಿಗೆ ಭೇಟಿ ಕೊಟ್ಟೆ, ಯಾವ ಪ್ರಯಾಣ ಮಾಡಿದೆ, ಯಾವ ಉಡುಗೊರೆ ತಗೊಂಡೆ ಅಂತ ತಾನೇ ದಾಖಲಿಸಿ ಪ್ರಕಟ ಮಾಡಬೇಕು. ಹೀಗೆ ಮಾಡಿದ್ರೆ ನಮ್ಮ ಅಜ್ಜಿಗೆ ಹೊಸ ಕೆಲಸ ಏನೂ ಇಲ್ಲ. ಐರ್ಲೆಂಡಿನಲ್ಲಿ 2015ರಿಂದ ರಿಜಿಸ್ಟರ್ ಇದೆ, ವರ್ಷಕ್ಕೆ ಮೂರು ಸಲ ಲೆಕ್ಕ ಕೊಡಬೇಕು. ಆದ್ರೆ ತನ್ನ ಸ್ವಂತ ಮನೆ, ಪಿಂಚಣಿ ವಿಷಯಕ್ಕೆ ಹೋದವನಿಗೂ, ಸಣ್ಣ ಮಾಲೀಕರಿಗೂ ಅದು ಅನ್ವಯಿಸಲ್ಲ. ಅಮೆರಿಕದ್ದು ಅಷ್ಟು ಗಟ್ಟಿ ಅಲ್ಲ. ಅಲ್ಲಿ ಕೆಲಸದ ಸಮಯದಲ್ಲಿ 20 ಪರ್ಸೆಂಟಿಗಿಂತ ಕಮ್ಮಿ ಲಾಬಿ ಮಾಡೋನು ನೋಂದಾಯಿಸಬೇಕಾಗಿಲ್ಲ, ಹಾಗಾಗಿ ದೊಡ್ಡ ದೊಡ್ಡವರು "ಸಲಹೆಗಾರ" ಅಂತ ಬೋರ್ಡು ಹಾಕ್ಕೊಂಡು ಜಾರಿಕೊಳ್ತಾರೆ. ನಮ್ಮವರು ಕಾಯ್ದೆ ಮಾಡೋದಾದ್ರೆ ಖಂಡಿತ ಅದನ್ನೇ ಕಾಪಿ ಹೊಡೀತಾರೆ, ಈಗಲೇ ಹೇಳಿರ್ತೀನಿ.

ರೆಸಾರ್ಟಿನಲ್ಲಿ, ಮದುವೆ ಮನೆಯಲ್ಲಿ, ಮಠದ ಜಗಲಿಯಲ್ಲಿ ಸಿಕ್ಕಿ ಮಾತಾಡಿದ್ರೆ ಏನು ಮಾಡ್ತೀಯ ಅಂತ ಕೇಳಿದ್ರು. ಎಲ್ಲಾನೂ ಹಿಡಿಯೋಕೆ ಆಗಲ್ಲ. ಆದ್ರೆ ಬರೀಬೇಕು ಅನ್ನೋ ನಿಯಮ ಇದ್ದಾಗ ಬರೆಯದೇ ಇರೋದೇ ಒಂದು ತಪ್ಪಾಗುತ್ತೆ. ಇವತ್ತು ಅದು ತಪ್ಪೂ ಅಲ್ಲ. ಮಠದ ಮಾತು ಬಂತು ಅಂತ ಹೇಳ್ತೀನಿ, ನಮ್ಮ ಚಿತ್ರದುರ್ಗ ಮಠಗಳ ಊರು. ಚುನಾವಣೆ ಬಂದ್ರೆ ಎಲ್ಲ ಪಕ್ಷದ ಕಾರುಗಳೂ ಅಲ್ಲಿಗೇ ಬರ್ತವೆ. ಸ್ವಾಮೀಜಿಗಳು ಸಮುದಾಯದ ಪರ ಕೇಳಲಿ, ತಪ್ಪಿಲ್ಲ, ಆದ್ರೆ ಅದೂ ಪುಸ್ತಕಕ್ಕೆ ಬರಬೇಕು. ನಮ್ಮ ಜನರ ಗುರುಪೀಠಗಳೂ ಸೇರಿ. ಗಂಗಾಕಲ್ಯಾಣದ ಪಟ್ಟಿಗೆ "ನಾನು ಮಾಡಿಸ್ಕೊಡ್ತೀನಿ" ಅಂತ ಬಿಳಿ ಅಂಗಿ ಹಾಕ್ಕೊಂಡು ಓಡಾಡೋ ನಮ್ಮ ಲೀಡರುಗಳೂ ಸೇರಿ. ಇದನ್ನ ಬರೆದಿದ್ದಕ್ಕೆ ಇಬ್ಬರು ಮೂವರು ನನ್ನ ಅನ್‌ಫ್ರೆಂಡ್ ಮಾಡ್ತಾರೆ, ಮಾಡ್ಲಿ.

ಹೊಸ ಕಾಯ್ದೆ ಬರೋ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಮಾಹಿತಿ ಹಕ್ಕಿನಲ್ಲಿ ಕರ್ನಾಟಕ ದೇಶಕ್ಕಿಂತ ಮುಂದೆ ಇತ್ತು, ನಮ್ಮ ಕಾಯ್ದೆ 2000ದ್ದು, ಕೇಂದ್ರದ್ದು 2005. ಕೇಂದ್ರ ಕಾಯ್ದೆಯ 4(1)(ಸಿ) ಕಲಂ ಓದಿ. ಮುಖ್ಯವಾದ ನೀತಿ ರೂಪಿಸುವಾಗ ಅದಕ್ಕೆ ಸಂಬಂಧಪಟ್ಟ ಎಲ್ಲ ಸಂಗತಿಗಳನ್ನೂ ಸರ್ಕಾರ ತಾನಾಗೇ ಪ್ರಕಟಿಸಬೇಕು ಅಂತ ಅಲ್ಲೇ ಇದೆ. ಯಾರು ಬಂದು ಕೇಳಿದ್ರು ಅನ್ನೋದು ಸಂಬಂಧಪಟ್ಟ ಸಂಗತಿ ಅಲ್ವಾ? ನಾನು ಒಂದು ಕಛೇರಿಗೆ ಭೇಟಿಗಾರರ ಪುಸ್ತಕದ ನಕಲು ಕೇಳಿ ಅರ್ಜಿ ಹಾಕಿದ್ದೆ. ಬಂದ ಹಿಂಬರಹ ಒಂದೇ ಸಾಲು, ಸದರಿ ಮಾಹಿತಿ ನಿರ್ವಹಿಸಿರುವುದಿಲ್ಲ. ಗೇಟಿನಲ್ಲಿ ನಮ್ಮ ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡ ಪುಸ್ತಕ ಎಲ್ಲಿ ಹೋಯ್ತೋ! ಮೇಲ್ಮನವಿ ಹಾಕಿದೀನಿ. ಇದರ ಮೇಲೆ 2023ರ ಡೇಟಾ ಸಂರಕ್ಷಣಾ ಕಾಯ್ದೆ ಬೇರೆ ಮಾಹಿತಿ ಹಕ್ಕಿನ 8(1)(ಜೆ) ತಿದ್ದಿದೆ. ವೈಯಕ್ತಿಕ ಮಾಹಿತಿ ಅಂತ ಒಂದು ಪದ ಬರೆದು ಬಾಗಿಲು ಹಾಕೋದು ಇನ್ನು ಸುಲಭ. ಹಾಗಾಗಿ ತಡ ಮಾಡಂಗಿಲ್ಲ.

ಒಂದು ಕರಡು ಮನವಿ ಬರೆದಿದೀನಿ, ಎರಡು ಪುಟ. ಮಂತ್ರಿಗಳು, ಕಾರ್ಯದರ್ಶಿಗಳು, ನಿಗಮ ಮಂಡಳಿಗಳ ಅಧ್ಯಕ್ಷರು, ಜಿಲ್ಲಾಧಿಕಾರಿಗಳು ನೀತಿ, ಗುತ್ತಿಗೆ, ಭೂಮಿ, ಗಣಿ ವಿಷಯಕ್ಕೆ ಕೊಟ್ಟ ಪ್ರತಿ ಭೇಟಿಯ ವಿವರ ತಿಂಗಳಿಗೊಮ್ಮೆ ಕನ್ನಡದಲ್ಲಿ ಪ್ರಕಟಿಸಬೇಕು. ಸ್ವಂತ ಕಷ್ಟ ಹೇಳಿಕೊಂಡು ಬಂದ ಪ್ರಜೆಯ ಹೆಸರು ಅದರಲ್ಲಿ ಬರಬಾರದು. ಅಷ್ಟೇ ಸಾರಾಂಶ. ಬರೋ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಚಿತ್ರದುರ್ಗದಲ್ಲಿ ನಾವು ಯಾವಾಗಲೂ ಸೇರೋ ಜಾಗದಲ್ಲೇ ಕೂತು ಓದೋಣ, ತಪ್ಪಿದ್ರೆ ತಿದ್ದೋಣ. ಹೊಸದುರ್ಗ, ಹೊಳಲ್ಕೆರೆಯವರು ಗಣಿ ಬಾಧಿತ ಊರುಗಳಿಂದ ಇದುವರೆಗೆ ಕೊಟ್ಟಿರೋ ಮನವಿಗಳ ಸ್ವೀಕೃತಿ ಜೆರಾಕ್ಸ್ ತನ್ನಿ, ನಂಬರ್ ಇರೋ ಪುಟ ಮಾತ್ರ ಸಾಕು. ಹಿರಿಯೂರಿನ ಅಣ್ಣ ಖಂಡಿತ ಬರಬೇಕು, ಅವರ ಹೆದರಿಕೆಗೆ ಉತ್ತರ ಎರಡನೇ ಪುಟದಲ್ಲಿದೆ. ಅದು ಸಾಕಾಗುತ್ತೋ ಇಲ್ವೋ ಅವರೇ ಹೇಳಲಿ. ಊಟಕ್ಕೆ ಚಿತ್ರಾನ್ನ ಇರುತ್ತೆ, ಎಷ್ಟು ಜನ ಬರ್ತೀರಿ ಅಂತ ಶುಕ್ರವಾರದೊಳಗೆ ಮೆಸೇಜ್ ಮಾಡಿ.

ಜೈ ಭೀಮ್.